ಮಳೆಮಾಪಕದ ಜಿಎಸ್‌ಎಂ ಮಾಡ್ಯೂಲ್‌ಗೆ ಮಾಸ್‌ಫೆಟ್ ಸ್ವಿಚ್

ಮೂಡಿಗೆರೆ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಎಷ್ಟು ಬಿತ್ತು ಅಂತ ನೋಡಿಯೇ ಸ್ಪ್ರಿಂಕ್ಲರ್ ಹಾಕೋದೋ ಬಿಡೋದೋ ಅನ್ನೋ ತೀರ್ಮಾನ. ನಮ್ಮ ತೋಟದ ಮೇಲಿನ ಬ್ಲಾಕಿನಲ್ಲಿರೋ ಮಳೆಮಾಪಕ ದಿನಕ್ಕೊಂದು ಎಸ್ಸೆಮ್ಮೆಸ್ ಕಳಿಸುತ್ತೆ. ಎಸ್ಸೆಮ್ಮೆಸ್ ಕಳಿಸೋದು ಅದರೊಳಗಿನ ಸಿಮ್800ಎಲ್ ಅನ್ನೋ ಜಿಎಸ್‌ಎಂ (ಮೊಬೈಲ್ ನೆಟ್‌ವರ್ಕ್) ಮಾಡ್ಯೂಲ್. ಅದು ಮಹಾ ಹೊಟ್ಟೆಬಾಕ: ನೆಟ್‌ವರ್ಕ್ ಹಿಡಿಯುವಾಗ 2 ಆಂಪ್‌ವರೆಗೂ ಎಳೆಯುತ್ತೆ, ಸುಮ್ಮನೆ ಕೂತರೂ ಮಿಲಿಆಂಪ್ ಲೆಕ್ಕ. ಜೂನ್ ನಂತರ ಸೋಲಾರ್ ಪ್ಯಾನೆಲ್ ನಂಬೋ ಹಾಗಿಲ್ಲ. ಒಂದು 18650 ಲಿಥಿಯಂ ಸೆಲ್ ಬಾಳಬೇಕಾದರೆ ಕೆಲಸವಿಲ್ಲದ ಹೊತ್ತು ಮಾಡ್ಯೂಲ್‌ನ ಕರೆಂಟನ್ನೇ ಕಡಿಯಬೇಕು.

ಅದಕ್ಕೆ ಮಾಸ್‌ಫೆಟ್, ಅಂದರೆ ಗೇಟ್ ಅನ್ನೋ ಕಾಲಿನ ವೋಲ್ಟೇಜಿನಿಂದ ಆನ್-ಆಫ್ ಆಗೋ ಟ್ರಾನ್ಸಿಸ್ಟರ್. ಅದರ ಉಳಿದೆರಡು ಕಾಲು ಸೋರ್ಸ್, ಡ್ರೈನ್. ಕಡಿಯೋದು ಪ್ಲಸ್ ವೈರನ್ನು. ಎನ್-ಚಾನೆಲ್ ಮಾಸ್‌ಫೆಟ್ ತಗೊಂಡು ಗ್ರೌಂಡ್ ಕಡಿಯೋದು ಸುಲಭ, ಎಲ್‌ಇಡಿಗೆ, ಮೋಟಾರಿಗೆ ಅದೇ ಸಾಕು. ಆದರೆ ಡೇಟಾ ವೈರ್ ಇರೋ ಮಾಡ್ಯೂಲ್‌ಗೆ ಗ್ರೌಂಡ್ ತಪ್ಪಿಸಿದರೆ ಕರೆಂಟು ಆ ಡೇಟಾ ವೈರಿನಲ್ಲೇ ದಾರಿ ಹುಡುಕುತ್ತೆ. ಹಾಗಾಗಿ ಪ್ಲಸ್ ಕಡಿಯೋಕೆ ಒಗ್ಗುವ ಪಿ-ಚಾನೆಲ್. ನಾನು ಹಾಕಿರೋದು ಎಒ3401.

ಸೋರ್ಸ್ ಬ್ಯಾಟರಿ ಪ್ಲಸ್‌ಗೆ, ಡ್ರೈನ್ ಮಾಡ್ಯೂಲ್‌ಗೆ. ಇವೆರಡು ಅದಲುಬದಲಾದರೆ ಒಳಗಿನ ಡಯೋಡ್ ಮೂಲಕ ಮಾಡ್ಯೂಲ್ ಯಾವಾಗಲೂ ಆನ್. ಗೇಟು ಸೋರ್ಸಿನಷ್ಟೇ ವೋಲ್ಟೇಜಿನಲ್ಲಿದ್ದರೆ ಆಫ್, ಸಾಕಷ್ಟು ಕೆಳಗಿಳಿದರೆ ಆನ್. ಸುಮ್ಮನಿರುವಾಗ ಆಫ್ ಇರಲಿ ಅಂತ ಗೇಟಿನಿಂದ ಸೋರ್ಸ್‌ಗೆ 100ಕೆ (ಕಿಲೋಓಮ್) ರೆಸಿಸ್ಟರ್. ತುಂಬಿದ ಸೆಲ್ 4.2 ವೋಲ್ಟ್, ಮಳೆಮಾಪಕ ನಡೆಸೋ ಮೈಕ್ರೋಕಂಟ್ರೋಲರಿನ ಪಿನ್ 3.3 ವೋಲ್ಟ್, ಪಿನ್ನನ್ನು ನೇರ ಗೇಟಿಗೆ ಕೊಟ್ಟರೆ 0.9 ವೋಲ್ಟ್ ಅಂತರ ಉಳಿದು ಎಒ3401 ಪೂರ್ತಿ ಆಫ್ ಆಗದೇ ಸೋರಬಹುದು. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಇರಲಿ: ಎಮಿಟರ್ ಗ್ರೌಂಡಿಗೆ, ಕಲೆಕ್ಟರಿನಿಂದ 10ಕೆ ಮೂಲಕ ಗೇಟಿಗೆ, ಪಿನ್ನಿನಿಂದ ಇನ್ನೊಂದು 10ಕೆ ಮೂಲಕ ಬೇಸಿಗೆ. ಪಿನ್ ಹೈ ಆದರೆ ಮಾಡ್ಯೂಲ್ ಆನ್. ಮಾಡ್ಯೂಲ್ ಪಕ್ಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು. ಅದು ಒಮ್ಮೆಲೇ ತುಂಬುವಾಗ ಕಂಟ್ರೋಲರ್ ರೀಸೆಟ್ ಆದರೆ ಗೇಟು–ಸೋರ್ಸ್ ನಡುವೆ 1 ಮೈಕ್ರೋಫ್ಯಾರಡ್ ಹಾಕಿ, ನಿಧಾನಕ್ಕೆ ಆನ್ ಆಗುತ್ತೆ.

ಪಿ-ಚಾನೆಲ್ ಅಂದರೆ ಅಂಗಡಿಯಲ್ಲಿ ಐಆರ್‌ಎಫ್9540 ಕೊಡೋದುಂಟು. ಅದರ ಡೇಟಾಶೀಟಿನಲ್ಲಿ ಥ್ರೆಶೋಲ್ಡ್ (ಆನ್ ಆಗಲು ಶುರುವಾಗೋ ಗೇಟ್ ವೋಲ್ಟೇಜ್) 2ರಿಂದ 4 ವೋಲ್ಟ್ ಅಂತಿರುತ್ತೆ, ಸಾಕಲ್ಲ ಅನ್ನಿಸುತ್ತೆ. ಅದು 250 ಮೈಕ್ರೋಆಂಪ್ ಹರಿಯೋಕೆ ಬೇಕಾದ ವೋಲ್ಟೇಜ್ ಅಷ್ಟೇ; ಪೂರ್ತಿ ತೆರೆಯಲು 10 ವೋಲ್ಟ್ ಬೇಕು. ಎಒ3401ರ ಆನ್ ರೆಸಿಸ್ಟೆನ್ಸನ್ನು 2.5 ವೋಲ್ಟಿಗೂ ಬರೆದಿರುತ್ತಾರೆ. ನೋಡಬೇಕಾದ್ದು ಆ ಸಾಲು.

ಕರೆಂಟ್ ಉಳಿಸೋಣ ಅಂತ 100ಕೆ ಬದಲು 10 ಮೆಗಾಓಮ್ ಹಾಕೋರಿದ್ದಾರೆ. ಮಲೆನಾಡಿನ ಆಷಾಢದಲ್ಲಿ ಆ ಆಟ ನಡೆಯೋಲ್ಲ ಮಾರಾಯ್ರೆ! ತೇವ ಹಿಡಿದ ಬೋರ್ಡಿನ ಸೋರಿಕೆಯೇ ಗೇಟನ್ನು ಅಲ್ಲಾಡಿಸುತ್ತೆ. 100ಕೆಯಲ್ಲಿ ಕರೆಂಟು ಹರಿಯೋದು ಆನ್ ಇದ್ದಾಗ ಮಾತ್ರ, ಅದೂ 40 ಮೈಕ್ರೋಆಂಪ್ ಆಸುಪಾಸು. ಬೆಸುಗೆ ತೊಳೆದು, ಒಣಗಿಸಿ, ವಾರ್ನಿಶ್ ಬಳಿಯಿರಿ.

ಆಫ್ ಮಾಡೋ ಮುಂಚೆ ಕೋಡಿನಲ್ಲಿ ಸೀರಿಯಲ್ (ಮಾಡ್ಯೂಲ್ ಜೊತೆಗಿನ ಡೇಟಾ ಸಂಪರ್ಕ) ನಿಲ್ಲಿಸಿ, ಕಂಟ್ರೋಲರಿನಿಂದ ಡೇಟಾ ಕಳಿಸೋ ಟಿಎಕ್ಸ್ ಪಿನ್ನನ್ನು ಲೋ ಮಾಡಿ. ಆಮೇಲೆ ಮಾಡ್ಯೂಲ್‌ನ ಪ್ಲಸ್ ಅಳೆದರೆ ಸೊನ್ನೆಗೆ ಇಳಿಯಬೇಕು. ಒಂದೆರಡು ವೋಲ್ಟ್ ನಿಂತಿದ್ದರೆ ಡೇಟಾ ವೈರಿನಿಂದ ಕಳ್ಳ ಕರೆಂಟು ಹೋಗ್ತಾ ಇದೆ. ಕೊನೆಗೆ ಬ್ಯಾಟರಿ ಸಾಲಿನಲ್ಲಿ ಮೀಟರಿಟ್ಟು ಮೈಕ್ರೋಆಂಪ್ ನೋಡಿ. ಆ ರೇಂಜಿನಲ್ಲಿರುವಾಗ ಮಾಡ್ಯೂಲ್ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. ನಮ್ಮೂರಲ್ಲಿ ಅದು ಸಿಗೋಲ್ಲ, ಚಿಕ್ಕಮಗಳೂರಿಗೇ ಹೋಗಬೇಕು.