ಜಿಯಾಲಜಿ ಜೋಡಿ ಗಣಿತಾನೂ ತಗೊಂಡೆ

ನಮ್ಮೂರು ಗದಗ ಜಿಲ್ಲೆಯ ಡಂಬಳದ ಹತ್ತಿರ. ಹಿತ್ತಲಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಹಾಗಂತ ಗುಡ್ಡದ ಮೇಲಿನ ಪ್ರೀತಿಯಿಂದ ಜಿಯಾಲಜಿ ತಗೊಂಡವನಲ್ಲ. ಸಿಇಟಿ ರ‍್ಯಾಂಕ್ ಕೈಕೊಟ್ಟಿತ್ತು. "ಕಲ್ಲ ಓದಿ ಏನ್ ಕ್ವಾರಿ ಇಡಾಂವೇನಲೇ?" ಅಂದ ಅಪ್ಪ.

ಧಾರವಾಡದಲ್ಲಿ ಬಿಎಸ್ಸಿ ಅಡ್ಮಿಷನ್ನಿಗೆ ಮುಂಚೆ ಎಂಎಸ್ಸಿ ಓದುತ್ತಿದ್ದ ಊರಿನ ಅಣ್ಣನೊಬ್ಬನ ರೂಮಿಗೆ ಹೋದೆ. "ಹಿಂದಿನಿಂದ ಲೆಕ್ಕಾ ಹಾಕು" ಅಂದ ಅವನು. ಜಿಯಾಲಾಜಿಕಲ್ ಸರ್ವೇಗಾಗಲಿ, ಕೇಂದ್ರ ಅಂತರ್ಜಲ ಮಂಡಳಿಗಾಗಲಿ ವಿಜ್ಞಾನಿಯಾಗಿ ಸೇರಬೇಕೆಂದರೆ ಯುಪಿಎಸ್ಸಿ ಪರೀಕ್ಷೆ ಬರೆಯಬೇಕು, ಅದಕ್ಕೆ ಎಂಎಸ್ಸಿ ಬೇಕು. ಅಂದರೆ ಬಿಎಸ್ಸಿ ಮುಗಿದರೆ ಅರ್ಧ ದಾರಿ. ಮನೆಯಲ್ಲಿ ಖರ್ಚಿನ ಮಾತು ಆಡುವಾಗ ಆ ಎರಡು ವರ್ಷವನ್ನೂ ಸೇರಿಸಿಯೇ ಹೇಳಿದೆ.

ಜಿಯಾಲಜಿ ಜೊತೆಗೆ ಬೇರೆ ಯಾವ ವಿಷಯ ಅನ್ನುವುದರಲ್ಲೇ ನಾಲ್ಕು ದಿನ ಹೋಯಿತು. ಗೆಳೆಯರು ಮಾರ್ಕ್ಸ್ ಸುಲಭವಾಗಿ ಬೀಳುವ ವಿಷಯ ಹುಡುಕಿದರು. ನಾನು ಫಿಸಿಕ್ಸ್, ಗಣಿತ ತಗೊಂಡೆ. ಜಿಯೋಫಿಸಿಕ್ಸ್ ಕಡೆ, ಅಂದರೆ ಅಳತೆ ಮಾಡಿ ನೆಲದೊಳಗನ್ನು ತಿಳಿಯುವ ವಿದ್ಯೆಯ ಕಡೆ ಹೊರಳುವ ಮನಸ್ಸಾದರೆ ಅವೆರಡೂ ಇಲ್ಲದೆ ನಡೆಯುವುದಿಲ್ಲ. ಮೊದಲ ವರ್ಷ ಕ್ಯಾಲ್ಕುಲಸ್ ನನ್ನನ್ನು ಅಳಿಸಿತು, ಸುಳ್ಳು ಹೇಳುವುದಿಲ್ಲ. ಜಿಯಾಲಜಿಯೂ ಮೆತ್ತಗಿರಲಿಲ್ಲ: ಖನಿಜದ ಹರಳಿನ ಆಕಾರದ ಮರದ ಮಾದರಿಗಳನ್ನು ತಿರುಗಿಸಿ ತಿರುಗಿಸಿ ಸಮ್ಮಿತಿ (ಸಿಮೆಟ್ರಿ) ಎಣಿಸಬೇಕು. ಆದರೆ ಕಪ್ಪತಗುಡ್ಡಕ್ಕೆ ಫೀಲ್ಡಿಗೆ ಹೋದ ದಿನ ಬೇರೆಯೇ ಆಯಿತು. ಚಿಕ್ಕಂದಿನಿಂದ ಕುರಿ ಹಿಂದೆ ತುಳಿದಾಡಿದ ಕೆಂಪು-ಕಪ್ಪು ಪಟ್ಟಿಯ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದಂತೆ. ಆ ಶಿಲೆಗಳ ಗುಂಪಿಗೆ 19ನೇ ಶತಮಾನದಲ್ಲೇ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿಟ್ಟಿದ್ದನಂತೆ! ಬ್ರಂಟನ್ ಕಂಪಾಸ್ ಹಿಡಿದು ಪದರಿನ ವಾಲು ಅಳೆಯುತ್ತಾ ಊಟ ಮರೆತೆ.

ಈಗ ನನ್ನದು ಬೋರ್‌ವೆಲ್ ಸರ್ವೇ. ನೆಲಕ್ಕೆ ಸಾಲಾಗಿ ನಾಲ್ಕು ಲೋಹದ ಗೂಟ ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದು, ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ನೋಡುವುದು. ಗೂಟ ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ನಮ್ಮ ಗಟ್ಟಿ ಕಲ್ಲಿನಲ್ಲಿ ನೀರು ಕೂರುವುದು ಕೊಳೆತ ಪದರಿನಲ್ಲಿ, ಅಂದರೆ ಕಲ್ಲು ಸವೆದು ಪುಡಿಯಾದ ಕಡೆ, ಮತ್ತೆ ಬಿರುಕುಗಳಲ್ಲಿ. ಆಗ ನನ್ನನ್ನು ಅಳಿಸಿದ್ದ ಗಣಿತ ಇಲ್ಲಿ ದಿನಾ ಬೇಕು.

ಹೋದ ಬೇಸಿಗೆ ನಮ್ಮ ಹೊಲದಲ್ಲೇ ಪಾಯಿಂಟ್ ಹಾಕಿದೆ. ಅಪ್ಪ ನನಗೆ ಹೇಳದೆ ತೆಂಗಿನಕಾಯಿ ಹಿಡಿಯುವವನನ್ನೂ ಕರೆಸಿದ್ದ. ಇಬ್ಬರ ಗುರುತಿಗೂ ಹತ್ತು ಫೂಟು ಅಂತರ. ನನ್ನ ಗುರುತಿನಲ್ಲೇ ಕೊರೆದರು, ನೀರೂ ಬಿತ್ತು. ಊರಲ್ಲಿ ಹೆಸರು ಮಾತ್ರ ತೆಂಗಿನಕಾಯಿಗೇ.