ಘಟ್ಟ ಇಳಿದು ಕಾಣೆ ಮೀನು ಹಿಡಿಯುವುದು: ಬೇಸಿಗೆ ಅಳಿವೆಯ ಲೆಕ್ಕ

ತುಂಗೆಯಲ್ಲೋ ಲಿಂಗನಮಕ್ಕಿ ಹಿನ್ನೀರಿನಲ್ಲೋ ಗಾಳ ಹಾಕಿ ಪಳಗಿದವರು ಸಾಗರ, ಜೋಗದ ದಾರಿ ಹಿಡಿದು ಹೊನ್ನಾವರಕ್ಕೆ ಇಳಿದರೆ ಮೊದಲು ಕೈಕೊಡುವುದು ಎರೆಹುಳ. ಉಪ್ಪುನೀರಿಗೆ ಬಿದ್ದದ್ದೇ ಸತ್ತು, ಬಿಳಿಚಿ, ಮೆತ್ತಗಾಗಿ ಕೊಕ್ಕೆಯಿಂದ ಕಳಚುತ್ತದೆ. ಹಿಟ್ಟಿನ ಉಂಡೆಯ ಗತಿಯೂ ಅಷ್ಟೇ. ಅಲ್ಲಿ ಬೇಕಾದ್ದು ಹಸಿ ಸಿಗಡಿ. ಎರೆಗಿಂತ ಮುಖ್ಯವಾದದ್ದು ಯಾವ ಹೊಳೆಗೆ ಹೋಗಬೇಕು ಎಂಬುದು.

ಮಾರ್ಚ್‌ನಿಂದ ಮೇ ನಡುಭಾಗದವರೆಗೆ ಶರಾವತಿ ಮತ್ತು ಅಘನಾಶಿನಿ ಅಳಿವೆಗಳು ಅಕ್ಕಪಕ್ಕದಲ್ಲೇ ಇದ್ದರೂ ಒಂದೇ ಥರ ಇರುವುದಿಲ್ಲ. ಮಳೆಗಾಲದಲ್ಲಿ ಲಿಂಗನಮಕ್ಕಿಯಲ್ಲಿ ಹಿಡಿದಿಟ್ಟ ನೀರು ಕರೆಂಟು ತೆಗೆದ ಮೇಲೆ ಗೇರುಸೊಪ್ಪ ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಹೊಳೆಗೆ ಬರುತ್ತಲೇ ಇರುತ್ತದೆ. ಹಾಗಾಗಿ ಶರಾವತಿ ಅಳಿವೆ ಏಪ್ರಿಲ್‌ನಲ್ಲೂ ಸಪ್ಪೆಯ ಕಡೆಗೇ ವಾಲಿರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಮೇಲಿನ ಹರಿವು ಸೊರಗಿ ಕಡಲ ಉಪ್ಪು ಒಳಗೆ ದೂರದವರೆಗೂ ಏರುತ್ತದೆ. ಬಳಚು (ಮರಳಲ್ಲಿ ಹುದುಗಿರುವ ಚಿಪ್ಪುಜೀವಿ) ಅಘನಾಶಿನಿಯಲ್ಲಿ ಹೇರಳ, ಶರಾವತಿಯಲ್ಲಿ ವಿರಳ ಆಗಿರುವುದಕ್ಕೂ ಇದೇ ಕಾರಣ. ಕಾಣೆಯೇ ಗುರಿಯಾದರೆ (ಉತ್ತರ ಕನ್ನಡದವರ ನೋಗಲಿ) ಇನ್ನಷ್ಟು ದೂರ ಹೋಗಿ ಕುಮಟಾ ಕಡೆಯ ಅಘನಾಶಿನಿಗೇ ಇಳಿಯುವುದು ಮೇಲು. ಶರಾವತಿಯಲ್ಲೇ ಹಾಕುವುದಿದ್ದರೆ ಕಾಸರಕೋಡು ಬದಿಯ ಬಾಯಿಯ ಹತ್ತಿರ, ಉಬ್ಬರ ತುಂಬುವಾಗ, ತಳಕ್ಕೇ ಹಾಕಬೇಕು. ಉಪ್ಪುನೀರು ಭಾರ, ಅಡಿಯಲ್ಲಿ ನುಗ್ಗುತ್ತದೆ. ಮೇಲಿನ ನೀರು ನಾಲಿಗೆಗೆ ಸಪ್ಪೆ ಎನಿಸಿದರೂ ತಳದಲ್ಲಿ ಮೀನು ಇರಬಹುದು. ಬೆಂಡು ಕಟ್ಟಿ ಮೇಲೆ ತೇಲಿಸಿದರೆ ದಿನವಿಡೀ ಸುಮ್ಮನೆ ಕೂರಬೇಕಾಗುತ್ತದೆ.

ಉಬ್ಬರ ದಿನಕ್ಕೆರಡು, ಎರಡೂ ಸಮನಲ್ಲ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಕೋಷ್ಟಕ ನೋಡಿ, ದೊಡ್ಡ ಉಬ್ಬರ ಬೆಳಿಗ್ಗೆ ತುಂಬುವ ದಿನ ಆರಿಸಿ. ಬೆಳಗಿನ ಜಾವ ನೆಲದಿಂದ ಮೆಲ್ಲಗೆ ಗಾಳಿ ಇರುತ್ತದೆ. 11 ಗಂಟೆ ದಾಟುವಷ್ಟರಲ್ಲಿ ಕಡಲಗಾಳಿ ಎದ್ದು ದಾರ ಬಿಲ್ಲಿನಂತೆ ಬಾಗುತ್ತದೆ, ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಶಿವಮೊಗ್ಗದಿಂದ ಬೆಳಿಗ್ಗೆ ಹೊರಟರೆ ಈ ಹೊತ್ತು ತಪ್ಪಿತೆಂದೇ ಲೆಕ್ಕ. ಹಿಂದಿನ ದಿನವೇ ಇಳಿಯಿರಿ.

ಇಳಿತದಲ್ಲಿ ಬಳಚು ಹೆಕ್ಕುವವರು ಕೆದಕಿದ ಮರಳುದಿಬ್ಬಗಳನ್ನು ಗುರುತಿಟ್ಟುಕೊಳ್ಳಿ, ಅವರ ಕೆಲಸಕ್ಕೆ ಅಡ್ಡ ಹೋಗಬೇಡಿ. ನೀರು ಮರಳಿ ಮೊಣಕಾಲುದ್ದ ಏರಿದಾಗ ಕಾಣೆಗಳು ಹುಳ, ಮರಿಸಿಗಡಿ ಹುಡುಕಿ ಅಲ್ಲಿಗೇ ಬರುತ್ತವೆ.

ಏಳೆಂಟು ಅಡಿಯ ಹಗುರ ರಾಡು, 2500 ಅಳತೆಯ ರೀಲು, 0.25 ಮಿ.ಮೀ. ದಾರ ಸಾಕು. ದಾರಕ್ಕೆ 20ರಿಂದ 30 ಗ್ರಾಂ ತೂಕದ ತೂತಿನ ಸೀಸ ಪೋಣಿಸಿ, ಅದರ ಕೆಳಗೊಂದು ಮಣಿ, ಆಮೇಲೆ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ). ಸ್ವಿವೆಲ್‌ನಿಂದ ಒಂದೂವರೆ ಅಡಿ ತೆಳು ದಾರ, ತುದಿಗೆ ಉದ್ದ ಕಾಲಿನ 6 ಅಥವಾ 8 ನಂಬರಿನ ಕೊಕ್ಕೆ. ಮಣಿ ಬಿಟ್ಟರೆ ಸೀಸ ಗಂಟಿಗೆ ಬಡಿದು ಬಡಿದು ದಾರ ಸವೆಯುತ್ತದೆ. ಕಾಣೆಯ ಬಾಯಿ ತೀರಾ ಚಿಕ್ಕದು. ಸಿಗಡಿ ಸುಲಿದು ಕಿರುಬೆರಳ ಉಗುರಿನಷ್ಟೇ ತುಂಡು ಮಾಡಿ ಕೊಕ್ಕೆಗೆ ತುರುಕಿ, ಮೊನೆ ಮಾತ್ರ ಹೊರಗಿರಲಿ. ದೊಡ್ಡ ತುಂಡು ಹಾಕಿದರೆ ಅಂಚು ಕಚ್ಚಿ ಎಳೆದು ತಿಂದು ಹೋಗುತ್ತದೆ, ಕೊಕ್ಕೆ ಹಲ್ಲು ತಿಕ್ಕಿದಂತೆ ಹೊಳೆಯುತ್ತಾ ಬರುತ್ತದೆ.

ಎಸೆದು ಸುಮ್ಮನಿರಬಾರದು. ಸೀಸ ಮರಳ ಮೇಲೆ ಗೀರು ಎಳೆಯುವ ಹಾಗೆ ಒಂದಡಿ ಎಳೆದು, ಹತ್ತು ಎಣಿಸಿ, ಮತ್ತೆ ಎಳೆಯಿರಿ. ಏಳುವ ಮರಳಿನ ಹೊಗೆ ನೋಡಿ ಕಾಣೆ ಬರುತ್ತದೆ. ಟಕ್ ಟಕ್ ಅಂದ ತಕ್ಷಣ ಸಿಹಿನೀರಿನ ಗೌರಿ ಮೀನಿಗೆ ಎಳೆದಂತೆ ಜೋರಾಗಿ ಎಳೆದರೆ ತುಟಿ ಹರಿಯುತ್ತದೆ. ದಾರ ಬಿಗಿಯಾಗುವವರೆಗೆ ತಾಳಿ ರಾಡನ್ನು ನಿಧಾನ ಎತ್ತಿದರೆ ಸಾಕು. ಒಂದು ಸಿಕ್ಕಿದ ಜಾಗಕ್ಕೇ ಮತ್ತೆ ಎಸೆಯಿರಿ, ಗುಂಪಿನಲ್ಲಿರುತ್ತವೆ.

ಕೆಂಬೇರಿ ಮೀನಿನ (ರೆಡ್ ಸ್ನ್ಯಾಪರ್) ಆಸೆಯಿದ್ದರೆ ಈ ಸರಂಜಾಮು ಬೇಡ. ಅದು ಕಲ್ಲುಗುಡ್ಡೆಯ ಅಂಚಿನಲ್ಲಿರುತ್ತದೆ, ಕಚ್ಚಿದೊಡನೆ ಬಿಲಕ್ಕೆ ನುಗ್ಗುತ್ತದೆ. ದಪ್ಪ ದಾರ, ಜೀವಂತ ಸಿಗಡಿ, ಬಿಗಿದ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಚ್ಚದಂತೆ ತಡೆಯುವ ರೀಲಿನ ಬಿರಿ) ಬೇಕು.

ನೀರಲ್ಲಿ ಕಾಲೆತ್ತಿ ನಡೆಯಬೇಡಿ, ಮರಳು ತಳ್ಳುತ್ತಾ ಕಾಲೆಳೆಯಿರಿ. ಹುದುಗಿ ಕೂತ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಸದ್ದಿಗೆ ಸರಿದು ಹೋಗುತ್ತದೆ. ಮೀಸೆಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡಿ, ಚೇಳುಮೀನಿನ ಮುಳ್ಳು ತಿಂದವರಿಗೆ ಹೇಳಬೇಕಿಲ್ಲ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟರೆ ನೋವು ಇಳಿಯುತ್ತದೆ, ಮುಳ್ಳು ಮುರಿದು ಒಳಗುಳಿದಿದ್ದರೆ ವೈದ್ಯರ ಬಳಿ ಹೋಗಬೇಕು. ಏಪ್ರಿಲ್, ಮೇನಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ದೂರದ ಕಡಲಿಂದ ದೊಡ್ಡ ಅಲೆಗಳು ಬರುವುದುಂಟು. ಕಡಲ ಮುನ್ಸೂಚನೆ ಕೊಡುವ ಹೈದರಾಬಾದಿನ ಕೇಂದ್ರ ಇನ್‌ಕಾಯಿಸ್ (INCOIS) ಮುನ್ನೆಚ್ಚರಿಕೆ ಕೊಟ್ಟ ದಿನ ಕಲ್ಲಿನ ಮೇಲೆ ನಿಲ್ಲಲೇಬೇಡಿ.

ಕಾಣೆ ಬೇಗ ಮೆತ್ತಗಾಗುವ ಮೀನು. ಹಿಡಿದಲ್ಲೇ ಕರುಳು ತೆಗೆದು, ಮೀನಿನಷ್ಟೇ ತೂಕದ ಪುಡಿ ಐಸಿನಲ್ಲಿ ಹುದುಗಿಸಿ. ಕರಗಿದ ನೀರನ್ನು ಜೋಗದಲ್ಲೊಮ್ಮೆ ಚೆಲ್ಲಿ, ಐಸು ಇಳಿದಿದ್ದರೆ ಸಾಗರದಲ್ಲಿ ತುಂಬಿಸಿ. ರೀಲನ್ನು ಅದೇ ರಾತ್ರಿ ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಪೈಪು ಹಿಡಿದು ಜೋರಾಗಿ ಹೊಡೆದರೆ ಉಪ್ಪು ಬೇರಿಂಗಿನ ಒಳಕ್ಕೇ ಹೋಗುತ್ತದೆ.