ಏರಲ್ಲಿ ಮಗು ಸೈಕಲ್ ತಳ್ಕೊಂಡು ಬರ್ತಿದ್ಯಾ? ಮೋಟರ್ ಕಿಟ್ ತರೋಕೆ ಮುಂಚೆ ಇದನ್ನ ನೋಡಿ

ಚಾಮುಂಡಿ ಬೆಟ್ಟದ ಬುಡದಲ್ಲಿರೋ ಬಡಾವಣೆಗಳವರಿಗೆ, ಮೇಲುಕೋಟೆ ಕಡೆಯವರಿಗೆ ಇದು ದಿನದ ಪಾಡು, ಮಕ್ಕಳು ಹೋಗುವಾಗ ಸೈಕಲ್ ಮೇಲೆ ಜುಮ್ಮಂತ ಹೋಗ್ತಾರೆ, ಬರುವಾಗ ಏದುಸಿರು ಬಿಡ್ತಾ ತಳ್ಕೊಂಡು ಬರ್ತಾರೆ. ಒಂದು ಎಲೆಕ್ಟ್ರಿಕ್ ಕಿಟ್ (ಇರೋ ಸೈಕಲ್ಲಿಗೇ ಜೋಡಿಸೋ ಮೋಟರ್, ಬ್ಯಾಟರಿ) ಹಾಕ್ಸಿಬಿಡೋಣ ಅನ್ಸೋದು ಸಹಜ. ಹಾಕ್ಸಿ, ತಪ್ಪೇನಿಲ್ಲ, ಆದ್ರೆ ಅಂಗಡೀಲಿ ತೋರ್ಸೋ ಕಿಟ್‌ಗಳೆಲ್ಲ 70–80 ಕೆಜಿ ತೂಗೋ ದೊಡ್ಡೋರಿಗೆ ಅಂತ ಮಾಡಿರೋವು, ಮಗೂಗೆ ಅದರ ಅರ್ಧ ಪವರ್ ಇದ್ರೆ ಧಾರಾಳ.

ಮೊದಲು ನಿಮ್ಮ ರಸ್ತೆ ಅಳೀರಿ. ಗಾರೆ ಕೆಲಸದವರ ಹತ್ರ ರಸಮಟ್ಟ ಇಸ್ಕೊಳಿ, ಸರಿಯಾಗಿ ಒಂದು ಮೀಟರ್ ಉದ್ದದ ಹಲಗೆ ಒಂದು. ರಸ್ತೆ ಮೇಲೆ ಏರಿನ ದಿಕ್ಕಿಗೇ ಹಲಗೆ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು, ಕೆಳಗಿನ ತುದೀನ ಗುಳ್ಳೆ ಮಧ್ಯಕ್ಕೆ ಬರೋವರೆಗೂ ಎತ್ತಿ, ಆ ತುದಿಗೂ ನೆಲಕ್ಕೂ ಎಷ್ಟು ಸೆಂಟಿಮೀಟರ್ ಸಂದು ಬಂತೋ ಅಷ್ಟು ಪರ್ಸೆಂಟ್ ಏರು ಅಂತ ಲೆಕ್ಕ. 6 ಸೆಂಟಿಮೀಟರ್ ಬಂದ್ರೆ 6 ಪರ್ಸೆಂಟ್. ಇಡೀ ದಾರೀಲಿ ಎಲ್ಲಿ ತುಂಬಾ ಕಡಿದಾಗಿದೆಯೋ ಅಲ್ಲೇ ಅಳೀಬೇಕು.

ಈಗ ಲೆಕ್ಕ ನೋಡಿ. ಮಗು 30 ಕೆಜಿ, ಸೈಕಲ್ 15, ಕಿಟ್ 5, ಒಟ್ಟು 50 ಕೆಜಿ. 6 ಪರ್ಸೆಂಟ್ ಏರನ್ನ ಗಂಟೆಗೆ 10 ಕಿಲೋಮೀಟರ್ ಸ್ಪೀಡಲ್ಲಿ ಹತ್ತೋಕೆ ಚಕ್ರಕ್ಕೆ ಬೇಕಾಗಿರೋದು ಸುಮಾರು 100 ವ್ಯಾಟ್, ಅಷ್ಟೇ. ಅದ್ರಲ್ಲೂ ಮಗು ತುಳಿಯೋದು ಒಂದಷ್ಟು ಸೇರತ್ತೆ. ಆಮೇಲೆ ಯಾಕೆ ಬೇಕು 350, 500 ವ್ಯಾಟು?

ಅಷ್ಟು ದೊಡ್ಡದು ಹಾಕ್ಸಿದ್ರೆ ಕಾನೂನೂ ಬಿಡಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 0.25 ಕಿಲೋವ್ಯಾಟ್‌ಗಿಂತ ಕಮ್ಮಿ ಪವರ್, ಗಂಟೆಗೆ 25 ಕಿಲೋಮೀಟರ್‌ಗಿಂತ ಕಮ್ಮಿ ಸ್ಪೀಡ್ ಇದ್ರೆ ಮಾತ್ರ ವಿನಾಯಿತಿ, ಮೀರಿದ್ರೆ ಅದು ಮೋಟಾರು ವಾಹನ. 2019ರ ತಿದ್ದುಪಡಿ ಪ್ರಕಾರ ಮೈನರ್ ಕೈಗೆ ಗಾಡಿ ಕೊಟ್ಟ ಅಪ್ಪ ಅಮ್ಮಂಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಕಿಟ್ ಮೇಲಿನ ಸ್ಟಿಕ್ಕರ್ ನಂಬಬೇಡಿ, ಸರ್ಟಿಫಿಕೇಟ್ ಇದ್ಯಾ ಕೇಳಿ.

ಮೋಟರ್‌ಗಿಂತ ಮುಂಚೆ ಬ್ರೇಕು. ಎಲ್ರೂ ಹತ್ತೋದರ ಬಗ್ಗೆ ಯೋಚನೆ ಮಾಡ್ತಾರೆ, ಹತ್ತಿದ ಮಗು ಇಳೀಬೇಕಲ್ವಾ. ಕಮ್ಮಿ ಬೆಲೆಯ ಮಕ್ಕಳ ಸೈಕಲ್‌ಗಳಲ್ಲಿ ಸ್ಟೀಲ್ ರಿಮ್ ಇರತ್ತೆ, ಮಳೇಲಿ ಒದ್ದೆಯಾದ್ರೆ ಬ್ರೇಕ್ ರಬ್ಬರ್ ಅದ್ರ ಮೇಲೆ ಜಾರತ್ತೆ, ಎಷ್ಟು ಹಿಡಿದ್ರೂ ನಿಲ್ಲಲ್ಲ. ಅಲಾಯ್ ರಿಮ್, ವಿ-ಬ್ರೇಕ್ ಇರ್ಲೇಬೇಕು. ಕಿಟ್‌ಗೆ ದುಡ್ಡು ಕೊಡೋಕೆ ಮುಂಚೆ ಕ್ಯಾರಿಯರ್‌ಗೆ 5 ಕೆಜಿ ಅಕ್ಕಿ ಚೀಲ ಬಿಗಿಯಾಗಿ ಕಟ್ಟಿ, ಅದೇ ಇಳಿಜಾರಲ್ಲಿ ನೀವು ಪಕ್ಕದಲ್ಲೇ ಇದ್ದು ನಿಧಾನಕ್ಕೆ ಇಳಿಸಿ ನೋಡಿ, ನೀವು ನಿಲ್ಸು ಅಂದ ತಕ್ಷಣ ಮಗು ನಿಲ್ಲಿಸ್ತಾ? ಇಲ್ಲ ಅಂದ್ರೆ ಮೋಟರ್ ಮಾತು ಇಲ್ಲಿಗೇ ಬಿಡಿ, ಮೊದಲು ಬ್ರೇಕ್ ಸರಿ ಮಾಡ್ಸಿ.

ಮೋಟರ್ ಅಂದ್ರೆ ಗೇರ್ಡ್ ಹಬ್ ಮೋಟರ್ (ಚಕ್ರದ ನಡುವಲ್ಲಿ ಕೂರೋದು, ಒಳಗೆ ಗೇರ್ ಇರತ್ತೆ) ಕೇಳಿ, 2–3 ಕೆಜಿ ಬರತ್ತೆ, ಆಫ್ ಇದ್ದಾಗ ಒಳಗಿನ ಕ್ಲಚ್ ಬಿಟ್ಕೊಳ್ಳೋದ್ರಿಂದ ತುಳಿಯೋಕೂ ಹಗುರ. ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಮೋಟರ್ ಭಾರ, ಬೇಡ. ಸಣ್ಣ ಚಕ್ರದಲ್ಲಿ ಒಂದು ಲಾಭ ಇದೆ, 26 ಇಂಚ್ ಚಕ್ರದಲ್ಲಿ 25 ಕಿಲೋಮೀಟರ್ ಓಡೋ ಮೋಟರ್ 20 ಇಂಚ್ ಚಕ್ರದಲ್ಲಿ 19ಕ್ಕೇ ನಿಲ್ಲತ್ತೆ, ಆದ್ರೆ ಎಳೆಯೋ ಶಕ್ತಿ 30 ಪರ್ಸೆಂಟ್ ಜಾಸ್ತಿ, ನಮಗೆ ಬೇಕಾಗಿರೋದೂ ಅದೇ. ಪೆಡಲ್ ಹತ್ರ ಕೂರೋ ಮಿಡ್ ಡ್ರೈವ್ ಏರಿಗೆ ಒಳ್ಳೇದು ಅಂತ ಹೇಳ್ತಾರೆ, ದೊಡ್ಡೋರಿಗೆ ನಿಜ, ಆದ್ರೆ ಅದ್ರ ಜೊತೆ ಬರೋ ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಸಾಮಾನ್ಯವಾಗಿ 170 ಮಿಲಿಮೀಟರ್, ಮಗೂಗೆ 140–150 ಸಾಕು, ಇಲ್ಲಾಂದ್ರೆ ತುಳಿಯುವಾಗ ಮಂಡಿ ಎದೆಗೇ ಬರತ್ತೆ.

ಮುಂದಿನ ಚಕ್ರಕ್ಕೆ ಹಾಕ್ಸೋದಾದ್ರೆ ಫೋರ್ಕ್ (ಆ ಚಕ್ರ ಹಿಡಿಯೋ ಕವಲು) ಸ್ಟೀಲ್ ಇರಬೇಕು, ಶಾಕ್ ಇರೋ ಅಲ್ಯೂಮಿನಿಯಂ ಫೋರ್ಕ್ ಆದ್ರೆ ಖಂಡಿತ ಬೇಡ. ಹಬ್ ಕೂರೋಕೆ 100 ಮಿಲಿಮೀಟರ್ ಜಾಗ ಬೇಕು, ಮಕ್ಕಳ ಸೈಕಲ್‌ನಲ್ಲಿ ಕೆಲವು ಸಲ ಕಮ್ಮಿ ಇರತ್ತೆ, ಫೋರ್ಕ್ ಹಿಗ್ಗಿಸಿ ತುರುಕೋಕೆ ಬಿಡಬೇಡಿ. ಟಾರ್ಕ್ ಆರ್ಮ್ ಅನ್ನೋ ಒಂದು ಸಣ್ಣ ಕಬ್ಬಿಣದ ಪಟ್ಟಿ ಬರತ್ತೆ, ಆಕ್ಸಲ್ ತಿರುಗಿ ಚಕ್ರ ಕಳಚಿಕೊಳ್ಳದಂಗೆ ತಡೆಯೋದೇ ಅದು, ಇಲ್ದೇ ಇದ್ರೂ ನಡಿಯತ್ತೆ ಅನ್ನೋ ಮೆಕ್ಯಾನಿಕ್ ಹತ್ರ ಮಾಡಿಸ್ಬೇಡಿ. ರಸ್ತೆ ತುಂಬಾ ಜಲ್ಲಿ, ಮಣ್ಣು ಇದ್ರೆ ಮುಂದಿನ ಚಕ್ರ ಏರಲ್ಲಿ ಜಾರತ್ತೆ, ಆಗ ಹಿಂದಕ್ಕೇ ಹಾಕ್ಸಿ.

ತುಳೀದೇನೇ ಕೈಯಿಂದ ಮೋಟರ್ ಓಡಿಸೋ ಥ್ರಾಟಲ್ ಬೇಡವೇ ಬೇಡ. ತುಳಿದ್ರೆ ಮಾತ್ರ ಮೋಟರ್ ತಿರುಗೋ ಪೆಡಲ್ ಸೆನ್ಸರ್ ಸಾಕು. ಆದ್ರೆ ಅಗ್ಗದ ಸೆನ್ಸರ್‌ನಲ್ಲಿ ತುಳಿಯೋದು ನಿಲ್ಸಿದ ಮೇಲೂ ಮೋಟರ್ ಒಂದು ಕ್ಷಣ ಎಳೀತಿರತ್ತೆ, ಅದಕ್ಕೇ ಬ್ರೇಕ್ ಹಿಡಿದ ಕೂಡ್ಲೇ ಮೋಟರ್ ಕಟ್ ಆಗೋ ಸ್ವಿಚ್ ಬೇಕು. ಕಿಟ್ ಜೊತೆ ಬರೋ ಬ್ರೇಕ್ ಲಿವರ್ ದೊಡ್ಡೋರ ಕೈ ಅಳತೆ, ಮಗು ಬೆರಳು ಎಟುಕಲ್ಲ, ಹಾಗಾಗಿ ಹಳೇ ಲಿವರ್‌ಗೇ ಅಂಟಿಸೋ ಮ್ಯಾಗ್ನೆಟ್ ಸೆನ್ಸರ್ ಕೇಳಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಚಕ್ರದ ಸೈಜ್ ಸರಿಯಾಗಿ ಹಾಕಿ, ಸ್ಪೀಡ್ 15ಕ್ಕೆ, ಕರೆಂಟ್ 7–8 ಆಂಪಿಯರ್‌ಗೆ ಇಳಿಸಿ. ಪಾಸ್‌ವರ್ಡ್ ಇಡೋಕೆ ಆಗೋದಾದ್ರೆ ಇಡಿ, ನಿಮಗಿಂತ ಬೇಗ ಮಕ್ಕಳು ಸೆಟ್ಟಿಂಗ್ ಹುಡುಕ್ತಾರೆ.

ಬ್ಯಾಟರಿ ವಿಷಯದಲ್ಲಿ ದುರಾಸೆ ಬೇಡ. ಮೈಸೂರಿಂದ ಚಾಮುಂಡಿ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ, 50 ಕೆಜೀನ ಅಲ್ಲಿಗೆ ಹತ್ತಿಸೋಕೆ, ಮಗು ಒಂಚೂರೂ ತುಳೀದೇ ಇದ್ರೂ, ನಷ್ಟ ಎಲ್ಲ ಸೇರಿ 70–80 ವ್ಯಾಟ್-ಅವರ್ ಆಗತ್ತೆ. 36 ವೋಲ್ಟ್ 5 ಆಂಪಿಯರ್-ಅವರ್ ಬ್ಯಾಟರೀಲಿ 180 ಇರತ್ತೆ. (ಲೆಕ್ಕಕ್ಕೆ ಹೇಳಿದೆ ಅಷ್ಟೇ, ಭಾನುವಾರ ಬಸ್ಸು ಕಾರುಗಳ ಮಧ್ಯೆ ಮಗೂನ ಬೆಟ್ಟದ ರಸ್ತೆಗೆ ಬಿಡಬೇಡಿ.) ಹಳೇ ಸೆಲ್ ಜೋಡಿಸಿ ಟೇಪ್ ಸುತ್ತಿ ಕೊಡೋ ಪ್ಯಾಕ್ ಅಗ್ಗ ಅಂತ ತರಬೇಡಿ, ಬೆಂಕಿ ಅಪಾಯ. 36 ವೋಲ್ಟ್ ಲಿಥಿಯಂ ಅಯಾನ್‌ಗೆ 42 ವೋಲ್ಟ್‌ನ ಅದರದ್ದೇ ಚಾರ್ಜರ್, ನೀವು ಎಚ್ಚರ ಇದ್ದಾಗ ಮಾತ್ರ ಚಾರ್ಜಿಗೆ ಹಾಕಿ.

ಹಾಕ್ಸಿದ ಮೇಲೆ ಮೊದಲು ಖಾಲಿ ಮೈದಾನದಲ್ಲಿ, ಕಮ್ಮಿ ಲೆವೆಲ್‌ನಲ್ಲಿ ಓಡಿಸಲಿ. ಆಕ್ಸಲ್ ನಟ್ ಶುರುವಲ್ಲಿ ಸಡಿಲ ಆಗತ್ತೆ, ವಾರಕ್ಕೊಂದು ಸಲ ಸ್ಪ್ಯಾನರ್ ಹಿಡೀರಿ. ಮಗು ಬೆಳೆದು ಈ ಸೈಕಲ್ ಚಿಕ್ಕದಾದ್ರೆ ಅದೇ ಹಬ್‌ನ 24 ಇಂಚ್ ರಿಮ್‌ಗೆ ಕಟ್ಟಿಸ್ಬೋದು, ಸ್ಪೋಕ್ ಮಾತ್ರ ಉದ್ದದ್ದು ಹೊಸದಾಗಿ ತರಬೇಕು, ಡಿಸ್‌ಪ್ಲೇಲಿ ಚಕ್ರದ ಸೈಜ್ ಬದಲಾಯಿಸೋದು ಮರೀಬೇಡಿ.